ಐಗಳಿಯ ಬಾವಿಯೊಳಗಿನ ಅಡ್ಡಬೋರು

ಐಗಳಿಯಲ್ಲಿ ಅಕ್ಕನ ದ್ರಾಕ್ಷಿ ಪಡದ ಎಲೆಗಳು ಅಂಚಿನಿಂದ ಸುಡತೊಡಗಿದ ವರ್ಷ ನಾನು ಪಶ್ಚಿಮದ ಕಡಲಿನಲ್ಲಿ ಎಣ್ಣೆ ಬಾವಿಗಳ ಮೇಲೆ ಕೆಲಸ ಮಾಡುತ್ತಿದ್ದೆ. ನಮ್ಮೂರು ಬೇಡಕಿಹಾಳ. ಕಬ್ಬು, ತಂಬಾಕು ಬೆಳೆಯುವ ಮನೆ. ಚಿಕ್ಕೋಡಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಯಾವುದಾದರೂ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ನಿಲ್ಲಬೇಕಾದವನು, ಗೆಳೆಯನ ಜೊತೆಗೆಂದು ಮುಂಬೈಗೆ ಹೋಗಿ, ಅವನ ಪಕ್ಕದ ಕುರ್ಚಿಯಲ್ಲಿ ಸಂದರ್ಶನಕ್ಕೆ ಕೂತು, ಕೆಲವೇ ವಾರಗಳಲ್ಲಿ ಹೆಲಿಕಾಪ್ಟರಿನಲ್ಲಿ ಕಡಲ ಮೇಲೆ ಹಾರುತ್ತಿದ್ದೆ. ಗೆಳೆಯ ಆಯ್ಕೆಯಾಗಲಿಲ್ಲ. ಅವನು ನಿಪ್ಪಾಣಿಗೆ ಮರಳಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟ, ನನಗಿಂತ ಸುಖವಾಗಿದ್ದಾನೆ.

ರಜೆಗೆ ಬಂದಾಗ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಏನು ಕೆಲಸ ಎಂದರೆ ಎಣ್ಣೆ ಬಾವಿ ಎನ್ನುತ್ತಿದ್ದೆ. ಹಾಗಾದರೆ ನೀನು ಬಾವಿ ಕೊರೆಯುವವನು ಎಂದುಕೊಳ್ಳುತ್ತಿದ್ದರು. ನಾನು ಕೊರೆಯುವವನಲ್ಲ. ಕೊರೆಯುವವರು ಗಾಡಿ ಕಟ್ಟಿಕೊಂಡು ಹೋದ ಮೇಲೆ ಬರುವವರು ನಾವು. ತೂತಿನೊಳಗೆ ಪೈಪು ಇಳಿಸುವುದು, ಮರಳು ತಡೆಯಲು ಜಾಳಿಗೆ ಕೂಡಿಸುವುದು, ಎಲ್ಲಿ ತೆರೆದಿಡಬೇಕು, ಎಲ್ಲಿ ಮುಚ್ಚಬೇಕು ಎಂದು ನೋಡಿ ಬಾವಿಯನ್ನು ದುಡಿಮೆಗೆ ಹಚ್ಚುವುದು ನಮ್ಮ ಪಾಲು.

ನಾನು ಸೇರಿದ ಕಾಲಕ್ಕೆ ಅಡ್ಡ ಬಾವಿಗಳು ಹೆಚ್ಚಾಗುತ್ತಿದ್ದವು. ನೆಲದಾಳದಲ್ಲಿ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅಡಗಿರುತ್ತದೆ. ಎಷ್ಟೋ ಕಡೆ ಅದು ಹಾಲಿನ ಮೇಲಿನ ಕೆನೆಯಷ್ಟೇ ತೆಳುವು. ಕೆಳಗೆ ಉಪ್ಪು ನೀರು, ಮೇಲೆ ಗಾಳಿಯಂಥ ಅನಿಲ, ನಡುವೆ ಎಣ್ಣೆ. ಬಾವಿಯನ್ನು ನೆಟ್ಟಗೆ ಕೊರೆದರೆ ಕೆನೆಯನ್ನು ದಾಟಿ ನೀರಿಗೇ ಹೋಗಿಬಿಡುತ್ತದೆ. ಅದಕ್ಕೇ ಕೊರೆಯುತ್ತ ಕೊರೆಯುತ್ತ ಬಾಗಿಸಿ, ಆ ಪದರದಲ್ಲೇ ಅಡ್ಡಲಾಗಿ ಮಲಗಿಸುತ್ತಾರೆ. ಹಾಗೆ ಮಲಗಿದ ಬಾವಿಗೆ ತನ್ನದೇ ಒಂದು ಕಾಟ. ಬಾಗಿದ ಜಾಗಕ್ಕೆ ಹತ್ತಿರದ ಭಾಗವೇ ಜೋರಾಗಿ ಎಳೆದುಕೊಳ್ಳುತ್ತದೆ, ದೂರದ ತುದಿ ಸುಮ್ಮನಿರುತ್ತದೆ. ಹತ್ತಿರದ ಎಣ್ಣೆ ಮುಗಿದದ್ದೇ ಕೆಳಗಿನ ನೀರು ಅಲ್ಲಿ ಗುಡ್ಡದಂತೆ ಎದ್ದು ಒಳಗೆ ನುಗ್ಗುತ್ತದೆ. ಒಮ್ಮೆ ನೀರು ದಾರಿ ಕಂಡುಕೊಂಡಿತೆಂದರೆ ಎಣ್ಣೆಗೆ ಆ ದಾರಿ ಬಿಟ್ಟುಕೊಡುವುದಿಲ್ಲ. ದೂರದ ಎಣ್ಣೆಯೆಲ್ಲ ಅಲ್ಲೇ ಉಳಿಯುತ್ತದೆ.

ಇದಕ್ಕೆ ಉಪಾಯ ಕಲಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪಾಠ ಹೇಳುವವರು ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು, ಅದರ ಮೈತುಂಬ ಬಾಣಗಳನ್ನು ಬರೆದರು. ನನಗೆ ಕಂಡದ್ದು ಅಕ್ಕನ ಪಡದ ಡ್ರಿಪ್ ಪೈಪು. ಹಳೆಯ ಪೈಪಿನಲ್ಲಿ ಮೊದಲ ಗಿಡಗಳಿಗೆ ನೀರು ಚಿಮ್ಮುತ್ತಿತ್ತು, ಸಾಲಿನ ಕೊನೆಯ ಗಿಡಕ್ಕೆ ಹನಿಯೂ ಕಷ್ಟ. ಆಮೇಲೆ ಬಂದ ಪೈಪಿನಲ್ಲಿ ಪ್ರತಿ ತೂತಿಗೂ ನೀರನ್ನು ಸುತ್ತಾಡಿಸಿ ಸುಸ್ತು ಮಾಡಿಸುವ ಸಣ್ಣ ಗುಂಡಿ ಇತ್ತು, ಎಲ್ಲ ಗಿಡಕ್ಕೂ ಒಂದೇ ಹದ. ಇದು ಅದೇ, ಆದರೆ ಉಲ್ಟಾ. ಅಲ್ಲಿ ನೀರು ಹೊರಗೆ ಹೋಗುತ್ತದೆ, ಇಲ್ಲಿ ಎಣ್ಣೆ ಒಳಗೆ ಬರುತ್ತದೆ. ಪೈಪಿನ ಪ್ರತಿ ತುಂಡಿಗೂ ಒಂದು ಕಿರಿದಾದ ಬಾಯಿ. ಜೋರು ಮಾಡುವ ಜಾಗ ಆ ಬಾಯಿಯಲ್ಲಿ ತಾನೇ ತಡವರಿಸುತ್ತದೆ, ದೂರದ ಸೋಮಾರಿ ಜಾಗಕ್ಕೂ ಸರದಿ ಸಿಗುತ್ತದೆ. ತುಂಡು ತುಂಡಿನ ನಡುವೆ ಪೈಪಿನ ಹೊರಗೆ ರಬ್ಬರಿನ ಬಳೆಗಳು. ಅವು ಒಳಗೆ ಹೋದ ಮೇಲೆ ನಿಧಾನಕ್ಕೆ ಉಬ್ಬಿ ಕಲ್ಲಿಗೆ ಅಂಟಿ, ಒಂದು ಕೋಣೆಯ ನೀರು ಇನ್ನೊಂದು ಕೋಣೆಗೆ ಹೋಗದಂತೆ ಗೋಡೆಯಾಗುತ್ತವೆ.

ಹಾಗೆ ಕಟ್ಟಿದ ಮೊದಲ ಬಾವಿ ತೆರೆದಾಗ ನಾನು ಡೆಕ್ಕಿನ ಮೇಲಿದ್ದೆ. ಅದರ ಪಕ್ಕದಲ್ಲೇ, ಈ ಬಾಯಿಗಳಿಲ್ಲದ ಹಳೆಯ ಅಡ್ಡ ಬಾವಿಯೊಂದು ವರ್ಷದೊಳಗೆ ನೀರು ಕಾರತೊಡಗಿತ್ತು. ಹೊಸದು ದಿನ, ವಾರ, ತಿಂಗಳು ದಾಟಿದರೂ ಕಪ್ಪಗೆ ಎಣ್ಣೆಯನ್ನೇ ಕೊಡುತ್ತಿತ್ತು. ಕೆಳಗೆ ಯಾರ ಕಣ್ಣೂ ಕೈಯೂ ಹೋಗದ ಕತ್ತಲಲ್ಲಿ, ಅಲುಗಾಡುವ ಒಂದು ಭಾಗವೂ ಇಲ್ಲದೆ, ಬರೀ ತೂತಿನ ಅಳತೆಯಿಂದ ಇಷ್ಟೊಂದು ನ್ಯಾಯ ನಡೆಯುತ್ತಿದೆಯಲ್ಲ ಎಂದು ನಾನು ಕಂಬಿ ಹಿಡಿದು ಬಹಳ ಹೊತ್ತು ನಿಂತಿದ್ದೆ.

ಮುಂದಿನ ರಜೆಗೆ ಅಕ್ಕ ಬೇಡಕಿಹಾಳಕ್ಕೆ ಫೋನ್ ಮಾಡಿ, ಮೊದಲು ಐಗಳಿಗೆ ಬಾ, ಆಮೇಲೆ ಉಳಿದದ್ದು ಎಂದಳು. ಅಕ್ಕನದು ನನಗಿಂತ ಮೊದಲೇ ಮಣ್ಣಿನ ಮೇಲೆ ನಿಂತ ಜೀವ. ಮಾಮಾ, ಅಂದರೆ ಅವಳ ಗಂಡ, ಅಥಣಿಯಲ್ಲಿ ನೌಕರಿಗೆ ಹೋಗುತ್ತಿದ್ದರು. ಪಡ ಪೂರ್ತಿ ಅವಳದೇ. ಚಾಟ್ನಿ, ಅಂದರೆ ಬಳ್ಳಿ ಸವರುವುದು, ಯಾವಾಗ, ಔಷಧಿ ಯಾವಾಗ, ಯಾವ ಗೊಂಚಲು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಲ್ಲ ಅವಳ ಮಾತು.

ಹೋಗಿ ನೋಡಿದರೆ ಎಲೆಗಳ ಅಂಚಿಗೆ ಕಾವಲಿಗೆ ತಾಗಿಸಿದಂತೆ ಕಂದು ಗೆರೆ. ಹಿಂದಿನ ಬೇಸಿಗೆಯಲ್ಲಿ ಬಾವಿಯ ನೀರು ಸಾಲದೆ ಅವರು ಅಡ್ಡಬೋರು ಹಾಕಿಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಸಣ್ಣ ಯಂತ್ರವನ್ನು ಸರಪಳಿಯಿಂದ ತೆರೆದ ಬಾವಿಯೊಳಗೆ ಇಳಿಸಿ, ಬಾವಿಯ ಗೋಡೆಗೇ ಅಡ್ಡಲಾಗಿ ತೂತು ಹೊಡೆಯುತ್ತಾರೆ. ಕಲ್ಲಿನ ಬಿರುಕು ಸಿಕ್ಕರೆ ಗೋಡೆಯಿಂದ ನೀರು ನಲ್ಲಿಯಂತೆ ಸುರಿಯುತ್ತದೆ. ಅಕ್ಕನಿಗೂ ಸುರಿಯಿತು. ಆದರೆ ಬಂದದ್ದು ಉಪ್ಪು ನೀರು. ಆ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಲ್ಲಿನಂತೆ ಉಳಿಯುತ್ತಿತ್ತು, ಸೋಪಿಗೆ ನೊರೆಯೇ ಬರುತ್ತಿರಲಿಲ್ಲ.

ಬೋರು ಹೊಡೆಯುವಾಗ ಪೂರ್ತಿ ಉಪ್ಪೇ ಬಂತೇ ಎಂದು ಕೇಳಿದೆ. ಇಲ್ಲ ಎಂದಳು. ಯಂತ್ರದವರು ಮುಂದೆ ಕೊರೆಯಲು ಹೊಸ ರಾಡು ಜೋಡಿಸುವಾಗಲೆಲ್ಲ ಅವಳು ಬಕೆಟ್ಟಿನಲ್ಲಿ ನೀರು ಮೇಲೆ ತರಿಸಿ ನಾಲಿಗೆಗೆ ಹಚ್ಚಿ ನೋಡಿದ್ದಳು. ಮೊದಲು ಸ್ವಲ್ಪ ಸಿಹಿ ನೀರು. ನಡುವೆ ಕೆಂಪು ಮೆತ್ತನೆಯ ಪದರ ಬಂದಾಗ ಉಪ್ಪು, ಅದೂ ಜೋರಾಗಿ. ಕೊನೆಗೆ, ಬೋರು ಪಡದಾಚೆಯ ಹಳ್ಳದ ಕೆಳಗೆ ಹೋದ ಮೇಲೆ, ನೀರು ಹೆಚ್ಚಾಗಿ ಉಪ್ಪು ತುಸು ಇಳಿದಂತೆ ಅನಿಸಿತ್ತು. ಈಗ ಎಲ್ಲ ಒಂದೇ ತೂತಿನಲ್ಲಿ ಬೆರೆತು ಬರುತ್ತಿದ್ದವು.

ಬೋರ್ಡಿನ ಮೇಲೆ ಎಳೆದಿದ್ದ ಗೆರೆ ಅಕ್ಕನ ಬಾವಿಯ ಗೋಡೆಯೊಳಗೇ ಮಲಗಿತ್ತು. ಅಂಗಳದಲ್ಲೇ ಒಂದು ಡ್ರಿಪ್ ಪೈಪಿನ ತುಂಡು ಹಿಡಿದು ಅವಳಿಗೆ ನನ್ನ ಕೆಲಸವನ್ನು ಹೇಳಿದೆ. ಬೋರಿನೊಳಗೆ ಪೈಪು ತೂರಿಸಬೇಕು. ನಡುವೆ ಉಪ್ಪಿನ ಜಾಗದಲ್ಲಿ ತೂತೇ ಇಲ್ಲದ ಪೈಪು, ಆ ಕಡೆ ಈ ಕಡೆ ತೂತಿನ ಪೈಪು. ಹತ್ತಿರದ ತುಂಡಿಗೆ ಕಡಿಮೆ ತೂತು, ದೂರದ್ದಕ್ಕೆ ಹೆಚ್ಚು. ಉಪ್ಪಿನ ಎರಡೂ ಬದಿಗೆ ಪೈಪಿನ ಹೊರಗೆ ಉಬ್ಬುವ ಗೋಡೆ.

ಅವಳು ಪೈಪಿನ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ನೀ ಸಮುದ್ರದಾಗ ಇದನ್ನ ಮಾಡಾಕತ್ತೀಯೇನು ಇಷ್ಟು ವರ್ಷ? ಮೊದಲ ಹೇಳಬಾರದೇನೋ. ನಾ ಏನೋ ಡೀಸೆಲ್ ತುಂಬತಿರಬೇಕು ಅನ್ಕೊಂಡಿದ್ದೆ."

ಉಬ್ಬುವ ರಬ್ಬರು ನಮಗೆಲ್ಲಿ ಸಿಗಬೇಕು? ಆದರೆ ಬಾವಿ ಕೊರೆಯುವಾಗ ಕಡಲಿನಲ್ಲಿ ಬಳಸುವ ಜೇಡಿಯನ್ನು ನಾನು ನೋಡಿದ್ದೆ. ನೀರು ಕುಡಿದರೆ ಹಲವು ಪಟ್ಟು ಊದುವ ಮಣ್ಣು ಅದು. ನಮ್ಮ ಎರೆ ಮಣ್ಣು ಅದರದೇ ಬಳಗ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಟ್ಟ ಎರೆ ಹೊಲ ಒಂದು ಮಳೆಗೆ ಹೇಗೆ ಬಾಯಿ ಮುಚ್ಚುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಒಣ ಎರೆ ಮಣ್ಣನ್ನು ಜರಡಿ ಹಿಡಿದು, ಗೋಣಿ ಚೀಲದ ಪಟ್ಟಿಯಲ್ಲಿ ತುಂಬಿ ಪೈಪಿಗೆ ಸುತ್ತಿ ಹೊಲಿಯೋಣ ಎಂದೆ. ಮಾಮಾ ನಕ್ಕರು. ಆದರೆ ರವಿವಾರ ಅವರೇ ಕೂತು ಜರಡಿ ಹಿಡಿದರು.

ಬೋರು ಹೊಡೆದ ಮೇಸ್ತ್ರಿ ಕಾಗವಾಡದ ಕಡೆಯವನು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವ ಗಟ್ಟಿ ಆಳು. ಕರೆಸಿ ವಿಷಯ ಹೇಳಿದಾಗ ಅವನಿಗೆ ಹಿಡಿಸಲಿಲ್ಲ. ಬೋರು ತೆರೆಯುವುದಕ್ಕೇ ಜನ ತನ್ನನ್ನು ಕರೆಯುತ್ತಾರೆ, ಮುಚ್ಚಲು ಯಾರೂ ಕರೆದಿಲ್ಲ ಎಂದ. ಕೊನೆಗೆ ಅಕ್ಕನ ಮಾತಿಗೆ ಒಪ್ಪಿದ.

ಬಾವಿಯ ನೀರು ಪಂಪಿನಿಂದ ತೆಗೆದು ನಾವು ಕೆಳಗಿಳಿದೆವು. ಅರ್ಧದವರೆಗೆ ಕಲ್ಲಿನ ಮೆಟ್ಟಿಲು, ಆಮೇಲೆ ಕಬ್ಬಿಣದ ಏಣಿ. ಮಧ್ಯಾಹ್ನದ ಬಿಸಿಲು ನೇರ ಬಾವಿಯ ತಳಕ್ಕೆ ಬೀಳುತ್ತಿತ್ತು. ಎಷ್ಟೋ ಅಡ್ಡ ಬಾವಿಗಳನ್ನು ಕಟ್ಟಿದ್ದ ನಾನು ಒಂದರ ಬಾಯನ್ನೂ ಕಣ್ಣಿಂದ ಕಂಡಿರಲಿಲ್ಲ. ಅವೆಲ್ಲ ಕಡಲ ತಳದ ಕೆಳಗೆ, ಪರದೆಯ ಮೇಲಿನ ಗೆರೆಗಳಾಗಿ ಮಾತ್ರ ಇದ್ದವು. ಇಲ್ಲಿ ಕರಿಕಲ್ಲಿನ ಗೋಡೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು, ಅದರಿಂದ ನೀರಿನ ಹೊಳೆಯುವ ನಾಲಿಗೆ. ಕೈ ಒಡ್ಡಿದೆ, ತಣ್ಣಗಿತ್ತು. ಪಕ್ಕದ ಕಲ್ಲಿಗೆ ಕಿವಿ ಹಚ್ಚಿದೆ. ಹತ್ತಿರದಲ್ಲಿ ಗುಳುಗುಳು, ಅದರಾಚೆ ಬಹಳ ದೂರದಿಂದ ಬರುವ ಗಂಭೀರವಾದ ಒಂದೇ ಸಮನೆಯ ಸದ್ದು. ಹಳ್ಳದ ಕೆಳಗಿನ ಬಿರುಕುಗಳಿಂದ ಎಷ್ಟು ವರ್ಷದ ಮಳೆ ಕತ್ತಲಲ್ಲಿ ನಡೆದು ಬರುತ್ತಿತ್ತೋ. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ತಾನೂ ಹೊಡೆದ ಪ್ರತಿ ಬೋರಿಗೂ ಹೀಗೆ ಕಿವಿ ಹಚ್ಚುವುದುಂಟು, ಆದರೆ ಯಾರಿಗೂ ಹೇಳಿಲ್ಲ ಎಂದ. ಆ ಗಳಿಗೆಯಿಂದ ಅವನು ನಮ್ಮವನಾದ.

ಮೊದಲ ಸಲ ಕೆಲಸ ಕೆಟ್ಟಿತು. ಪೈಪನ್ನು ತುಂಡು ತುಂಡಾಗಿ ಜೋಡಿಸಿ ತೂರಿಸುತ್ತ ಹೋದಂತೆ, ಎರೆ ಮಣ್ಣಿನ ಪಟ್ಟಿ ದಾರಿಯಲ್ಲೇ ನೀರು ಕುಡಿದು ಉಬ್ಬಿ ಅರ್ಧದಲ್ಲಿ ಕಚ್ಚಿಕೊಂಡಿತು. ಮುಂದೂ ಹೋಗದು, ಹಿಂದೂ ಬರದು. ಸರಪಳಿ ಹಾಕಿ ಎಳೆದಾಗ ಪೈಪು ಮುರಿದು, ಉಳಿದ ತುಂಡನ್ನು ಕೊಕ್ಕೆ ಹಾಕಿ ಹೊರಗೆ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಮಣ್ಣು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಸೋತರೂ ನನಗೆ ಒಳಗೊಳಗೇ ಖುಷಿ. ಸರಿಯಾದ ಜಾಗದಲ್ಲಿ ಹೀಗೇ ಹಿಡಿದರೆ ಸಾಕಿತ್ತು. ತಡವಾಗಿ ಉಬ್ಬಬೇಕು, ಅಷ್ಟೇ.

ಊಟಕ್ಕೆ ಕೂತಾಗ ಕಡಲಿನ ರಬ್ಬರಿಗೂ ಇದೇ ಕಷ್ಟ ಇತ್ತು ಎಂದು ಹೇಳಿದೆ. ಅಲ್ಲಿ ರಬ್ಬರಿನ ಮೇಲೆ ಇನ್ನೊಂದು ತೆಳು ಹೊದಿಕೆ ಇರುತ್ತದೆ, ಅದು ಮೊದಲು ಕರಗಬೇಕು ಅಥವಾ ನೆನೆಯಬೇಕು, ಆಮೇಲೆ ಒಳಗಿನದು ಉಬ್ಬುತ್ತದೆ. ಅಕ್ಕ ರೊಟ್ಟಿ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬೆಲ್ಲದ ಪಾಕ ಬಳದ್ರ?" ಎಂದಳು. "ಅದೂ ಕರಗತೈತಿ, ಆದ್ರ ಗಟ್ಟಿ ಪಾಕ ಆದ್ರ ಲಗೂನ ಕರಗಂಗಿಲ್ಲ."

ಮರುದಿನ ಅಂಗಳದಲ್ಲಿ ದೊಡ್ಡ ಪಾತೇಲಿ ಇಟ್ಟು ಬೆಲ್ಲ ಕಾಸಿದೆವು. ಮಾಮಾ ಅಥಣಿಯಿಂದ ಬರುವಾಗ ಬೆಲ್ಲದ ಪೆಂಟೆ ತಂದಿದ್ದರು. ಅಕ್ಕ ತಣ್ಣೀರಿನಲ್ಲಿ ಹನಿ ಬಿಟ್ಟು ಹದ ನೋಡಿ, ಹನಿ ಟಣ್ ಎಂದು ಗಟ್ಟಿಯಾದ ಮೇಲೆ ಇಳಿಸಿದಳು. ಹೊಸ ಮಣ್ಣಿನ ಪಟ್ಟಿಗಳ ಮೇಲೆ ಪಾಕ ಎರೆದು, ತಿರುಗಿಸಿ ತಿರುಗಿಸಿ ಒಣಗಿಸಿದೆವು. ಪೈಪುಗಳು ಚಿಕ್ಕಿ ಸುತ್ತಿದಂತೆ ಹೊಳೆಯುತ್ತಿದ್ದವು. ಇರುವೆ ಹತ್ತದಂತೆ ಕಾಯುವುದೇ ಒಂದು ಕೆಲಸವಾಯಿತು.

ಈ ಸಲ ಪೈಪು ಸರಾಗವಾಗಿ ಹೋಯಿತು. ಅಕ್ಕನೂ ಸೀರೆ ಎತ್ತಿ ಕಟ್ಟಿ ಏಣಿ ಇಳಿದು ಬಂದಿದ್ದಳು. ಯಾವ ರಾಡಿಗೆ ಉಪ್ಪು ಬಂದಿತ್ತು ಎಂದು ಅವಳು ಹೇಳಿದ ಜಾಗದಲ್ಲಿ ಪಟ್ಟಿಗಳು ನಿಲ್ಲುವಂತೆ ಮೇಸ್ತ್ರಿ ಕೊನೆಯ ತುಂಡನ್ನು ತಳ್ಳಿದ. ಪೈಪಿನಿಂದಲೂ ಅದರ ಸುತ್ತಲಿನ ಸಂದಿನಿಂದಲೂ ನೀರು ಬರುತ್ತಿತ್ತು. ಬಾಯಿಯ ಸಂದಿಗೆ ಸಿಮೆಂಟು ಹಾಕಿ, ಪೈಪನ್ನು ಮಾತ್ರ ತೆರೆದಿಟ್ಟು ಮೇಲೆ ಬಂದೆವು. ಪಂಪು ಹಚ್ಚಬೇಡ, ಮಣ್ಣು ನೆಮ್ಮದಿಯಿಂದ ಉಬ್ಬಲಿ ಎಂದು ಅಕ್ಕನಿಗೆ ಹೇಳಿದೆ. ಪಡಕ್ಕೆ ಅಷ್ಟು ದಿನ ಟ್ಯಾಂಕರಿನ ನೀರು.

ಮರುದಿನ ಬೆಳಿಗ್ಗೆ ಬಾವಿಗೆ ಹೋದರೆ ಜೇನ್ನೊಣಗಳು. ಪಡದ ಬದುವಿನ ಮರದಿಂದ ಸಾಲುಗಟ್ಟಿ ಬಾವಿಯೊಳಗೆ ಇಳಿದು, ಪೈಪಿನ ಬಾಯಿಯ ಸುತ್ತ ಝೇಂಕರಿಸುತ್ತಿದ್ದವು. ಪೈಪಿನಿಂದ ಕಂದು ಬಣ್ಣದ ನೀರು ಸೋರುತ್ತಿತ್ತು. ಕೆಳಗಿಳಿಯಲು ಆಗಲಿಲ್ಲ, ಮೇಲಿನಿಂದಲೇ ಬಕೆಟ್ ಬಿಟ್ಟು ಎತ್ತಿದೆವು. ಅಕ್ಕ ನಾಲಿಗೆಗೆ ಹಚ್ಚಿ, ಬಕೆಟ್ಟನ್ನು ನನ್ನ ಕಡೆ ಸರಿಸಿದಳು. ತೆಳು ಬೆಲ್ಲದ ಪಾನಕ, ಹಿಂದೆ ಉಪ್ಪಿನ ಕಟು. ಕಲ್ಲಿನೊಳಗೆ ಪಾಕ ಕರಗುತ್ತಿದೆ, ಅದರ ಕೆಳಗೆ ನಮ್ಮ ಹೊಲದ ಮಣ್ಣು ನೀರು ಕುಡಿಯತೊಡಗಿದೆ ಎಂಬ ವಾರ್ತೆ ಆ ಬಕೆಟ್ಟಿನಲ್ಲಿ ಬಂದಿತ್ತು. ಕಡಲಿನಲ್ಲಿ ಇಂಥ ವಾರ್ತೆಗೆ ನಾವು ದೊಡ್ಡ ದೊಡ್ಡ ಯಂತ್ರಗಳ ಮುಂದೆ ಕೂರುತ್ತಿದ್ದೆವು.

ದಿನ ಕಳೆದಂತೆ ಸಿಹಿ ಹೋಯಿತು, ನೊಣಗಳೂ ಹೋದವು. ನೀರು ಸ್ವಲ್ಪ ರಾಡಿಯಾಗಿ, ಆಮೇಲೆ ತಿಳಿಯಾಯಿತು. ಧಾರೆ ಮೊದಲಿಗಿಂತ ಸಣ್ಣದಾಗಿತ್ತು. ಮೇಸ್ತ್ರಿ ಅದನ್ನು ನೋಡಿ ಮುಖ ಸಣ್ಣದು ಮಾಡಿದ. ಅಕ್ಕ ಮಾತ್ರ ಒಂದು ಕೊಡ ನೀರು ಮನೆಗೆ ಹೊತ್ತು, ತೊಗರಿ ಬೇಳೆ ಹಾಕಿ ಒಲೆಯ ಮೇಲಿಟ್ಟಳು. ನಾವು ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಮಾಮಾ ಅವತ್ತು ನೌಕರಿಗೆ ತಡ ಮಾಡಿಕೊಂಡರು. ಬಹಳ ಹೊತ್ತಾದ ಮೇಲೆ ಅವಳು ಸೌಟಿನಿಂದ ನಾಲ್ಕು ಕಾಳು ತೆಗೆದು ಬೆರಳ ನಡುವೆ ಒತ್ತಿದಳು.

"ಕುದ್ದೈತಿ," ಎಂದಳು.

ಮೇಸ್ತ್ರಿ ತಾನೂ ಒಂದು ಕಾಳು ಒತ್ತಿ ನೋಡಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ದೇವರ ಗುಡಿಯಲ್ಲಿ ನಿಂತವನ ಹಾಗೆ ಪಾತ್ರೆಯನ್ನೇ ನೋಡುತ್ತ ನಿಂತ. ಕೈಗೆ ಎಟುಕದ ಕಲ್ಲಿನೊಳಗೆ, ಒಂದೇ ತೂತಿನಲ್ಲಿ ಎರಡು ನೀರು ಬೇರೆ ಬೇರೆ ನಿಂತಿದ್ದವು. ನಡುವೆ ಕಾವಲಿದ್ದದ್ದು ಒಂದು ಗೋಣಿ ಚೀಲದ ಮಣ್ಣು.

ಉಪ್ಪು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಪಂಪು ಜೋರು ಬಿಟ್ಟರೆ ನಾಲಿಗೆಗೆ ಗೊತ್ತಾಗುವಷ್ಟು ಬರುತ್ತಿತ್ತು. ಅಕ್ಕ ಸಣ್ಣ ಪಂಪು ಇಟ್ಟು, ಮೆಲ್ಲಗೆ ಎಳೆಯಲು ಕಲಿತಳು. ಚಾಟ್ನಿಯ ನಂತರ ಬಂದ ಹೊಸ ಎಲೆಗಳ ಅಂಚು ಹಸಿರಾಗಿಯೇ ಉಳಿಯಿತು. ಆ ಹಂಗಾಮಿನ ಹಣ್ಣನ್ನು ಒಣಗಿಸಿ ಮಣೂಕ ಮಾಡಿದಾಗ ನನಗೊಂದು ಡಬ್ಬಿ ಕಟ್ಟಿ ಕಳಿಸಿದ್ದಳು. ಕಡಲಿನ ಮೇಲೆ ಜೊತೆಯವರಿಗೆ ಹಂಚುತ್ತ ಈ ಕತೆ ಹೇಳಿದೆ. ಪರದೆಯ ಮುಂದೆ ಕೂರುವ ಹಿರಿಯ ಎಂಜಿನಿಯರ್ ಒಬ್ಬರು ಬೆಲ್ಲದ ಮಾತು ಬಂದಾಗ ಕುರ್ಚಿ ತಿರುಗಿಸಿಕೊಂಡು, ಪಾಕದ ಹದ ಎಷ್ಟು ಎಂದು ಕೇಳಿದರು. ಅಕ್ಕನಿಗೆ ಫೋನ್ ಹಚ್ಚಿ ಕೇಳಿಯೇ ಹೇಳಬೇಕಾಯಿತು.

ಆಮೇಲಿನ ವರ್ಷಗಳಲ್ಲಿ ಮೇಸ್ತ್ರಿ ಇದನ್ನು ಅಲ್ಲಲ್ಲಿ ಮಾಡಿದ. ಕೆಲವು ಕಡೆ ಕೈಹತ್ತಿತು, ಕೆಲವು ಕಡೆ ಇಲ್ಲ. ರಾಯಬಾಗ ತಾಲ್ಲೂಕಿನ ಅಲಖನೂರಿನಲ್ಲಿ ಕಬ್ಬಿನ ಹೊಲದ ಬಾವಿಯೊಂದರಲ್ಲಿ ಉಪ್ಪು ದೂರದ ತುದಿಯಿಂದಲೇ ಬರುತ್ತಿತ್ತು. ಅಲ್ಲಿಗೆ ಅವನು ಬೋರು ಹೊಡೆಯುವಾಗಲೇ ಅಕ್ಕನನ್ನು ಕರೆದುಕೊಂಡು ಹೋಗಿದ್ದ. ಅವಳು ರಾಡು ರಾಡಿಗೂ ನೀರು ನೋಡಿ, ತುದಿಯನ್ನೇ ಮುಚ್ಚಿರಿ, ಹತ್ತಿರದ್ದು ಸಾಕು ಎಂದಳಂತೆ. ನಾನು ಆಗ ಕಡಲಿನಲ್ಲಿದ್ದೆ. ಬಂದ ಮೇಲೆ ಅವಳ ಜೊತೆ ಆ ಬಾವಿ ನೋಡಲು ಹೋದೆ. ಬೌದ್ಧ ಕುಟುಂಬ, ಗಂಡ ಹೆಂಡತಿ ಇಬ್ಬರೂ ಹೊಲದಲ್ಲೇ ದುಡಿಯುವವರು. ಮನೆಯಾಕೆ ಚೊಂಬಿನಲ್ಲಿ ನೀರು ತಂದುಕೊಟ್ಟು, ನಾವು ಕುಡಿದು ಮುಗಿಸುವವರೆಗೆ ನೋಡುತ್ತ ನಿಂತಳು. ಆಮೇಲೆ ಬಾವಿಯ ಅಂಚಿಗೆ ಕರೆದುಕೊಂಡು ಹೋಗಿ, ಕೆಳಗೆ ಗೋಡೆಯಿಂದ ಬೀಳುತ್ತಿದ್ದ ಧಾರೆಯನ್ನು ತೋರಿಸಿದಳು.

"ಈ ಬೋರು ನಮ್ಮ ಮನಿ ತಳಗ ಹಾದೈತಂತ್ರಿ ಅಕ್ಕಾರ," ಎಂದಳು. "ಮಕ್ಕೊಂಡಾಗ ಒಮ್ಮೊಮ್ಮೆ ನೆನಪಾಗತೈತಿ. ಕೆಳಗ ನೀರು ನಡದೈತಿ ಅಂತ."

ಅಕ್ಕ ಬಾವಿಯ ಕಟ್ಟೆಯ ಮೇಲೆ ಕೂತು ಕೆಳಗೆ ನೋಡುತ್ತಿದ್ದಳು. ಕೇಳಿಸುತ್ತದೆಯೇ ಎಂದು ಆಕೆಯನ್ನು ಮೆಲ್ಲಗೆ ವಿಚಾರಿಸಿದಳು. ಇಲ್ಲ, ಕೇಳಿಸುವುದಿಲ್ಲ, ಆದರೆ ಇದೆ ಎಂದು ಗೊತ್ತು ಎಂದಳು ಆಕೆ. ನಾವು ಮೂವರೂ ಇನ್ನಷ್ಟು ಹೊತ್ತು ಅಲ್ಲೇ ಕೂತೆವು. ಕಬ್ಬಿನ ಸಾಲಿಗೆ ನೀರು ಬಿಡುವ ಹೊತ್ತಾಗಿತ್ತು, ಆಕೆಯ ಗಂಡ ಬಂದು ಪಂಪು ಹಚ್ಚಿದ.